ರೆಪ್ಪೆಗೆ ಚುಚ್ಚಿದ ನೊಣ

ಎದುರುಗಾಳಿ ಜೋರಾಗಿದೆ, ಸ್ವಲ್ಪ ಹೊತ್ತು ಕಾಯೋಣ ಎಂದು ನದಿಯ ಈ ಭಾಗದ ಒಡೆಯರಾದ ಮೇಜರ್ ಟ್ರೆಹರ್ನ್ ಅವರಿಗೆ ಎರಡು ಸಲ ಹೇಳಿದೆ. ಅವರು ಕೇಳಲಿಲ್ಲ. ಮೇ ತಿಂಗಳ ಕೊನೆ, ಟೆಸ್ಟ್ ಎಂಬ ನದಿಯ ಮೇಲೆ ನೀರಿನ ನೊಣಗಳು ಮೋಡದಂತೆ ಎದ್ದಿದ್ದವು. ಆಚೆ ದಡದ ಹುಲ್ಲಿನಡಿ ದೊಡ್ಡ ಟ್ರೌಟ್ ಮೀನೊಂದು ಅವುಗಳಿಗಾಗಿ ಮತ್ತೆ ಮತ್ತೆ ಬಾಯಿ ತೆರೆಯುತ್ತಿತ್ತು. ಅವರು ಗಾಳದ ಕೋಲು ಬೀಸಿದರು, ದಾರ ಗಾಳಿಗೆ ಹಿಂದಿರುಗಿತು. ಮರುಕ್ಷಣ ಮುಖ ಮುಚ್ಚಿಕೊಂಡು ಕುಸಿದರು.

ಮೀನನ್ನು ಸೆಳೆಯಲು ಗಾಳಕ್ಕೆ ಗರಿ ಕಟ್ಟಿ ಮಾಡಿದ ಹುಸಿ ನೊಣ ಅವರ ಬಲಗಣ್ಣಿನ ಮೇಲ್ರೆಪ್ಪೆಗೆ ಅಂಟಿಕೊಂಡಿತ್ತು. ಗಾಳದ ಮೊನೆ ಒಳಗೆ ಹೋಗಿತ್ತು. ರೆಪ್ಪೆ ಅಲುಗಿದಷ್ಟೂ ಅದು ಕಣ್ಣುಗುಡ್ಡೆಯ ಕಡೆಗೇ ಸರಿಯುತ್ತಿತ್ತು. ಡಾಕ್ಟರು ಹತ್ತು ಮೈಲಿ ಆಚೆ ಹೆರಿಗೆ ಮಾಡಿಸಲು ಹೋಗಿದ್ದರು. ಮೇಜರ್ ಅವರನ್ನು ದಡದ ಕಾವಲು ಗುಡಿಸಲಿನಲ್ಲಿ ಮಲಗಿಸಿ ನಾನು ಡಾರ್ಕಸ್ ಸ್ಟ್ರೈಡ್ ಮನೆಗೆ ಓಡಿದೆ.

ಆ ಬಾಗಿಲು ತಟ್ಟುವುದು ನನಗೆ ಸುಲಭವಿರಲಿಲ್ಲ. ನೀರ ಮೇಲೆ ತೇಲುವ ನೊಣಗಳನ್ನು ಕಟ್ಟುವುದರಲ್ಲಿ ಡಾರ್ಕಸ್‌ಳಂಥ ಕೈ ಆ ಕಣಿವೆಯಲ್ಲಿ ಇನ್ನೊಂದಿರಲಿಲ್ಲ. ಅವಳ ಗಂಡ ವಿಲ್ಫ್ರೆಡ್ ನನಗಿಂತ ಮೊದಲು ಈ ನದಿಯ ಕಾವಲುಗಾರನಾಗಿದ್ದ. ಮೀನು ಹಿಡಿಯಲು ತೇಲುವ ಹುಸಿ ನೊಣ ಬಿಟ್ಟು ಬೇರೇನನ್ನೂ ಈ ನೀರಿಗೆ ಹಾಕಕೂಡದು ಎಂಬುದು ಇಲ್ಲಿನ ನಿಯಮ. ಹಿಂದಿನ ವರ್ಷ ಆ ಕಾವಲು ಗುಡಿಸಲಿನಲ್ಲಿ ಎರೆಹುಳದ ಡಬ್ಬಿ ಸಿಕ್ಕಿತೆಂದು ಮೇಜರ್ ಅವನನ್ನು ಕೆಲಸದಿಂದ ತೆಗೆದರು. ಈಗ ಅವನು ಸುಣ್ಣಕಲ್ಲಿನ ಗಣಿಯಲ್ಲಿದ್ದ. ಅವನ ಜಾಗ ನನಗೆ ಸಿಕ್ಕಿತ್ತು. ಅಂದಿನಿಂದ ಡಾರ್ಕಸ್ ನನ್ನೊಡನೆ ಮಾತು ಬಿಟ್ಟಿದ್ದಳು.

ವಿಷಯ ಕೇಳಿದೊಡನೆ ಅವಳು ಸಣ್ಣ ಇಕ್ಕಳ, ಕತ್ತರಿ, ಉಪ್ಪಿನ ಬಟ್ಟಲಿನ ಮೂಳೆ ಚಮಚ ತೆಗೆದುಕೊಂಡು, ಚಮಚವನ್ನು ಕುದಿನೀರಿನಲ್ಲಿ ಅದ್ದಿ ಹೊರಟಳು.

ಗುಡಿಸಲಿನಲ್ಲಿ ಮೇಜರ್ ಅವಳನ್ನು ಗುರುತಿಸಿ ಏನೋ ಹೇಳಹೋದರು.

"ಮಾತಾಡಬೇಡಿ ಸಾಹೇಬ್ರೆ, ರೆಪ್ಪೆ ಅಲುಗುತ್ತೆ," ಎಂದಳು. "ಇವತ್ತು ನಾನು ಮಾತಾಡ್ತೀನಿ, ನೀವು ಕೇಳಿ. ಏಬಲ್, ತಲೆ ಗಟ್ಟಿಯಾಗಿ ಹಿಡ್ಕೊ."

ನಾನು ಹಿಡಿದೆ. ಅವಳು ನೊಣದ ಗರಿಗಳನ್ನೆಲ್ಲ ಕತ್ತರಿಸಿ ಬರಿಯ ಗಾಳ ಉಳಿಸಿದಳು. ಚಮಚದ ಹಿಡಿಯನ್ನು ರೆಪ್ಪೆಯಡಿ ಜಾರಿಸಿದಳು. ಈಗ ಮೊನೆಗೂ ಕಣ್ಣಿಗೂ ನಡುವೆ ಅದೊಂದೇ ಇತ್ತು. ಹಿಮ್ಮುಖ ಮುಳ್ಳಿರುವ ಗಾಳವನ್ನು ಹಿಂದಕ್ಕೆ ಎಳೆದರೆ ರೆಪ್ಪೆ ಹರಿಯುತ್ತದೆ, ಮೊನೆಯನ್ನು ತಿರುಗಿಸಿ ಹೊರಕ್ಕೆ ತಳ್ಳಬೇಕು.

"ಆ ಎರೆಹುಳದ ಡಬ್ಬಿ ನನ್ನ ಗಂಡನದ್ದಲ್ಲ," ಎಂದಳು, ಇಕ್ಕಳ ಬಿಗಿಹಿಡಿದು. "ನಿಮ್ಮ ತಂಗಿ ಮಗ ರೂಪರ್ಟ್‌ನದು. ನೋಡಿದವರು ಒಬ್ಬರಿದಾರೆ. ಏಬಲ್, ಅವತ್ತು ನೀನು ಅಲ್ಲೇ ಇದ್ದೆ, ನೋಡಿದ್ದೆ, ಅಲ್ವಾ?"

ಮೇಜರ್ ಅವರ ಎಡಗಣ್ಣು ನನ್ನನ್ನೇ ನೋಡುತ್ತಿತ್ತು. ಇಲ್ಲವೆಂದರೆ ಅವಳ ಕೈ ನಡುಗೀತೇ? ಹೌದೆಂದರೆ ನನ್ನ ಕೆಲಸ ಹೋಯಿತು. ಅವಳು ಇಕ್ಕಳವನ್ನು ಅಲುಗಿಸದೆ ಕಾದಳು.

"ನೋಡಿದ್ದೆ," ಎಂದೆ. "ರೂಪರ್ಟ್ ಡಬ್ಬಿ ಬಚ್ಚಿಡ್ತಾ ಇದ್ದ. ನಾನು ಯಾರಿಗೂ ಹೇಳಲಿಲ್ಲ."

ಅವಳು ಮಣಿಕಟ್ಟು ತಿರುಗಿಸಿದಳು. ಚರ್ಮ ಉಬ್ಬಿ, ಮೊನೆ ಹೊರಬಂತು. ಮೇಜರ್ ಹಲ್ಲು ಕಚ್ಚಿದರು, ಅಲುಗಲಿಲ್ಲ. ಮುಳ್ಳನ್ನು ಕತ್ತರಿಸಿ ಉಳಿದುದನ್ನು ಬಂದ ದಾರಿಯಲ್ಲೇ ಹಿಂದೆಳೆದಳು. ಒಂದು ಹನಿ ರಕ್ತ ಕೆನ್ನೆಗಿಳಿಯಿತು. ಕಣ್ಣಿಗೆ ಏನೂ ಆಗಿರಲಿಲ್ಲ.

ಮೇಜರ್ ಎದ್ದು ಕುಳಿತರು. ಆಮೇಲೆ ವಿಲ್ಫ್ರೆಡ್ ಎಷ್ಟು ಗಂಟೆಗೆ ಮನೆಗೆ ಬರುತ್ತಾನೆಂದು ಕೇಳಿದರು. ಆರಕ್ಕೆ ಎಂದಳು. ಆರಕ್ಕೆ ಮುಂಚೆಯೇ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಅವರು ವಿಲ್ಫ್ರೆಡ್‌ನ ಮನೆ ಬಾಗಿಲಲ್ಲಿ ನಿಂತಿದ್ದರಂತೆ. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು.

ಜೂನ್ ಮೊದಲ ವಾರ ವಿಲ್ಫ್ರೆಡ್ ನದಿಯ ಕಾವಲಿಗೆ ಮರಳಿದ. ರೂಪರ್ಟ್ ಮತ್ತೆ ಆ ಕಡೆ ಬರಲಿಲ್ಲ. ನನ್ನನ್ನು ಯಾರೂ ಬೈಯಲಿಲ್ಲ, ಇರು ಎಂದೂ ಹೇಳಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುವ ಕೆಲಸ ಹಿಡಿದೆ. ಒಂದು ಮಧ್ಯಾಹ್ನ ಡಾರ್ಕಸ್ ಹಿಟ್ಟು ಒಯ್ಯಲು ಬಂದಳು. ಮೂಟೆ ಇಳಿಸುತ್ತಿದ್ದ ನನ್ನ ಬಳಿ ನಿಂತು, ನಿನ್ನ ಬೆನ್ನು ಹೇಗಿದೆ ಎಂದು ತಾನಾಗಿಯೇ ಕೇಳಿದಳು. ನೋಯುತ್ತದೆ ಎಂದೆ.