ಅರ್ಧ ಇಂಚು

ನನ್ನ ಬಲಗೈ ನಡುಗಲು ಶುರುವಾಗಿ ಮೂರು ವರ್ಷವಾಯಿತು. ಎಡಗೈ ನಡುಗಿದ್ದರೆ ಯಾರಿಗೂ ಹೇಳದೆ ನುಂಗಿಕೊಳ್ಳುತ್ತಿದ್ದೆ. ಬಲಗೈ ನನ್ನ ಕತ್ತರಿಯ ಕೈ. ನಲವತ್ತು ವರ್ಷ ಕೋಟು ಕತ್ತರಿಸಿದ ಕೈ. ಅಪ್ಪ ಇಬ್ಬರು ಹೆಣ್ಣುಮಕ್ಕಳಿಗೆ ಕಸುಬು ಹಂಚಿಕೊಟ್ಟಾಗ ನನಗೆ ಕತ್ತರಿ ಬಂತು, ತಂಗಿಗೆ ಹೊಲಿಗೆ ಮಿಷನ್ನು. ಅಂಗಡಿಯಲ್ಲಿ ಉದ್ದನೆಯ ಮೇಜು ನನ್ನದು, ಕಿಟಕಿಯ ಪಕ್ಕದ ಮಿಷನ್ನು ಅವಳದು. ನಾನು ಕತ್ತರಿಸದೆ ಅವಳು ಹೊಲಿಯುವಂತಿಲ್ಲ. ಈ ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳಿ ಅವಳ ತಲೆ ತಿನ್ನುತ್ತಿದ್ದೆ ಎನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ಕೈ ನಡುಗಿದ ಮೇಲೆ ಕೋಟುಗಳು ವಾಪಸ್ ಬರತೊಡಗಿದವು. ಒಬ್ಬನಿಗೆ ಮುಂಭಾಗದ ಒಂದು ಕಡೆ ಉದ್ದ, ಇನ್ನೊಬ್ಬನಿಗೆ ಕಂಕುಳಲ್ಲಿ ಹಿಡಿತ. ಹೋಟೆಲಿನ ಮ್ಯಾನೇಜರ್ ಹನ್ನೆರಡು ಬೂದು ಕೋಟುಗಳನ್ನು ತಂದು ಮೇಜಿನ ಮೇಲೆ ಸುರಿದು, "ಏನಮ್ಮಾ ಇದು, ಕಣ್ಣು ಮುಚ್ಕೊಂಡು ಕತ್ತರಿಸ್ತೀರಾ?" ಎಂದ. ಆ ದಿನ ಊಟ ಸೇರಲಿಲ್ಲ. ಡಾಕ್ಟರು ನೋಡಿ, ವಯಸ್ಸಾಯಿತು, ಇದು ಹೀಗೇ ಇರುತ್ತದೆ ಎಂದರು. ಕತ್ತರಿ ಹಿಡಿಯಲಾಗದಿದ್ದರೆ ನಾನು ಯಾರು? ಅಂಗಡಿಯಲ್ಲಿ ಕೂತು ನೊಣ ಹೊಡೆಯುವ ಮುದುಕಿ.

ಆಗ ತಂಗಿಯೇ ನನ್ನನ್ನು ಮೇಷ್ಟ್ರ ತರಗತಿಗೆ ಕರೆದುಕೊಂಡು ಹೋದಳು. ಮೇಷ್ಟ್ರು ಹಿಂದೆ ಟೈಪಿಂಗ್ ಕಲಿಸುತ್ತಿದ್ದವರು. ನಿವೃತ್ತರಾದ ಮೇಲೆ ಔಷಧಿ ಅಂಗಡಿಯ ಮಹಡಿಯ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಜನರನ್ನು ಕೂರಿಸಿಕೊಂಡು ಮನಸ್ಸನ್ನು ನೋಡುವುದು ಹೇಗೆಂದು ಹೇಳಿಕೊಡುತ್ತಿದ್ದರು. ಮೆದು ಮಾತು, ಇಸ್ತ್ರಿ ಮಾಡಿದ ಅಂಗಿ. ಮೊದಲು ಒಂಬತ್ತು ಜನ ಇದ್ದೆವು. ಬರೀ ನೆಲದ ಮೇಲೆ ಕೂತು ಎಲ್ಲರ ಕಾಲೂ ಜೋಮು ಹಿಡಿಯುತ್ತಿತ್ತು.

"ಯೋಚನೆ ಬರುತ್ತೆ. ಬರ್ಲಿ. ಬಂತು ಅಂತ ನೋಡಿ, ಹೋಯ್ತು ಅಂತ ನೋಡಿ. ಬೆನ್ನು ಹತ್ತಬೇಡಿ" ಎನ್ನುತ್ತಿದ್ದರು. ನನಗಂತೂ ಪ್ರತ್ಯೇಕವಾಗಿ ಹೇಳಿದರು: "ಕೈ ನಡುಗ್ಲಿ ಅಮ್ಮ. ಅದನ್ನ ನೋಡ್ತಾ ಇರಿ. ನೀವು ನಡುಗಬೇಡಿ."

ಮೊದಮೊದಲು ಒಳಗೊಳಗೇ ನಗು ಬಂತು. ಆಮೇಲೆ ನಿಜವಾಗಿಯೂ ನೋಡತೊಡಗಿದೆ. ನನ್ನೊಳಗೆ ಎಷ್ಟು ಕಸವಿತ್ತು ಎನ್ನುತ್ತೀರಿ! ತಂಗಿಯ ಮೇಲಿನ ದರ್ಪ, ಗಿರಾಕಿಗಳ ಮೇಲಿನ ಸಿಡುಕು, ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ. ಒಂದೊಂದನ್ನೂ ಕಂಡು ನಾಚಿದೆ. ತಂಗಿಯ ತಲೆ ತಿನ್ನುವುದು ಕಡಿಮೆಯಾಯಿತು. ಮೇಷ್ಟ್ರ ಮಾತಿನಂತೆ ದಿನಾ ಮೂರು ಗಂಟೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪರದೆ ಎಳೆದುಕೊಂಡು, ಅರ್ಧ ಗಂಟೆ ಕಣ್ಣು ಮುಚ್ಚಿ ಕೂರತೊಡಗಿದೆ.

ನಾಲ್ಕೇ ತಿಂಗಳಲ್ಲಿ ಕೋಟುಗಳು ವಾಪಸ್ ಬರುವುದು ನಿಂತುಹೋಯಿತು.

ನಡುಕ ಪೂರ್ತಿ ನಿಂತಿರಲಿಲ್ಲ, ಸುಳ್ಳು ಯಾಕೆ. ಆದರೆ ಹೊಲಿದು ಬಂದ ಕೋಟು ನೋಡಿದರೆ ಗೆರೆ ಎಳೆದ ಹಾಗಿರುತ್ತಿತ್ತು. ನಡುಗುವ ಕೈಯೇ ನೆಟ್ಟಗೆ ಕತ್ತರಿಸುತ್ತಿದೆ ಎಂದರೆ ಇದು ಸಾಧನೆಯಲ್ಲದೆ ಇನ್ನೇನು? ಹೋಟೆಲಿನ ಮ್ಯಾನೇಜರ್ ಮತ್ತೆ ಬಂದು, "ಹಳೇ ಕೈ ವಾಪಸ್ ಬಂತಲ್ಲಮ್ಮ" ಎಂದಾಗ ಉಬ್ಬಿ ಪೂರಿಯಾದೆ. ಭಾನುವಾರ ಎಲ್ಲರ ಮುಂದೆ ನಿಂತು ಹೇಳಿದೆ. ಹೇಳುತ್ತಾ ಅತ್ತೆ. ಮೇಷ್ಟ್ರು ಕಣ್ಣೊರೆಸಿಕೊಂಡರು. ಅವತ್ತಿನಿಂದ ನನಗೆ ಅಲ್ಲಿ 'ಕತ್ತರಿಯಮ್ಮ' ಎಂದು ಹೆಸರಾಯಿತು. ಹೊಸಬರು ಬಂದಾಗಲೆಲ್ಲ ಮೇಷ್ಟ್ರು ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಒಂಬತ್ತು ಜನ ನಲವತ್ತಾದರು. ತಂಗಿ ತರಗತಿಗೆಂದು ನಲವತ್ತು ದಿಂಬು ಹೊಲಿದು ಕೊಟ್ಟಳು. ಗಟ್ಟಿ ದಿಂಬುಗಳು, ಎಷ್ಟು ಕೂತರೂ ಕುಸಿಯದಂಥವು.

ಒಂದು ವಿಷಯ ಮಾತ್ರ ಮನಸ್ಸನ್ನು ಕೆರೆಯುತ್ತಿತ್ತು. ಮೂರು ಗಂಟೆಗೆ ಕಣ್ಣು ಮುಚ್ಚಿ ಕೂತಾಗ ಪರದೆಯ ಆಚೆಯಿಂದ ಕತ್ತರಿಯ ಸದ್ದು ಕೇಳುತ್ತಿತ್ತು. ದಾರ ಕತ್ತರಿಸುವ ಚಿಟಿಕೆ ಸದ್ದಲ್ಲ. ಬಟ್ಟೆಯ ಉದ್ದಕ್ಕೂ ನಡೆಯುವ ದೊಡ್ಡ ಕತ್ತರಿಯ ಸದ್ದು. ಕಟಿಂಗ್ ನನ್ನದಾದರೆ ಇವಳು ಏನು ಕತ್ತರಿಸುತ್ತಾಳೆ? ಮೇಷ್ಟ್ರ ಹತ್ತಿರವೇ ಹೇಳಿಕೊಂಡೆ.

"ನನಗೆ ತಂಗಿ ಮೇಲೆ ಅನುಮಾನ ಬರ್ತಿದೆ ಮೇಷ್ಟ್ರೇ."

ಅವರು ಅಂಗಿಯ ತೋಳಿನ ಗುಂಡಿ ಸರಿಮಾಡಿಕೊಂಡರು. "ಅನುಮಾನ ಮನಸ್ಸಿನ ಹಳೇ ಚಾಳಿ ಅಮ್ಮ. ಸದ್ದು ಬಂತು, ಹೋಯ್ತು, ಅಷ್ಟೇ. ಅದರ ಬೆನ್ನು ಹತ್ತಬೇಡಿ" ಎಂದರು.

ಸರಿ ಎಂದೆ. ಅಂಥ ತಂಗಿಯನ್ನು ಅನುಮಾನಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಒಂದೂವರೆ ವರ್ಷ ಆ ಸದ್ದನ್ನು ಬಂತು, ಹೋಯಿತು ಎಂದು ನೋಡುತ್ತಾ ಕೂತೆ.

ಕಳೆದ ತಿಂಗಳು ಮೇಷ್ಟ್ರು ಎಲ್ಲರಿಗೂ ಒಂದು ಕೆಲಸ ಕೊಟ್ಟರು. ನಮಗೇ ಗೊತ್ತಿಲ್ಲದೆ ಮಾಡುವ ಒಂದು ಅಭ್ಯಾಸವನ್ನು ಹಿಡಿದು ಒಂದು ವಾರ ಗಮನಿಸಬೇಕು. ನಾನು ಹಿಡಿದದ್ದು ನನ್ನ ಗುರುತು ಹಾಕುವ ಚಾಳಿಯನ್ನು. ಪ್ರತಿ ತುಂಡು ಕತ್ತರಿಸಿದ ಕೂಡಲೇ ಬಟ್ಟೆಯ ಹಿಂಬದಿಯಲ್ಲಿ, ಅಂಚಿಗೆ ತಾಗಿದಂತೆ, ನೀಲಿ ಸೀಮೆಸುಣ್ಣದಿಂದ ಒಂದು ಪುಟ್ಟ ಗೀಟು, ಅದರ ತಲೆಯ ಮೇಲೆ ಒಂದು ಚುಕ್ಕೆ. ಅಪ್ಪ ಹೇಳಿಕೊಟ್ಟದ್ದಲ್ಲ, ಯಾವ ಉಪಯೋಗವೂ ಇಲ್ಲ, ಕೈ ತಾನಾಗಿ ಹಾಕುತ್ತದೆ. ವಾರವೆಲ್ಲ ಲೆಕ್ಕವಿಟ್ಟು ಗಮನಿಸಿದೆ. ಒಂದು ತುಂಡನ್ನೂ ಬಿಟ್ಟಿರಲಿಲ್ಲ.

ಶನಿವಾರ, ಆ ವಾರ ಹೊಲಿದ ಕೋಟುಗಳು ಇಸ್ತ್ರಿಗೆ ಕಾಯುತ್ತಿದ್ದವು. ನನ್ನ ಗುರುತನ್ನು ನೋಡಿ ಖುಷಿಪಡೋಣ ಎಂದು ಒಂದನ್ನು ಒಳಹೊರಗು ಮಾಡಿದೆ. ಗುರುತಿಲ್ಲ. ಇನ್ನೊಂದರಲ್ಲೂ ಇಲ್ಲ. ಒಂಬತ್ತು ಕೋಟುಗಳನ್ನು ತಿರುವಿದೆ. ಒಂದರಲ್ಲೂ ಇಲ್ಲ. ಗೋಡೆಯಲ್ಲಿ ನೇತುಹಾಕಿದ್ದ ರಟ್ಟಿನ ಮಾದರಿಯನ್ನು ಇಳಿಸಿ, ಅಪ್ಪನ ಕಾಲದ ಹಳೆಯ ಮಾದರಿಯನ್ನು ಪೆಟ್ಟಿಗೆಯಿಂದ ತೆಗೆದು, ಒಂದರ ಮೇಲೊಂದು ಇಟ್ಟೆ. ಹೊಸ ರಟ್ಟು ಸುತ್ತಲೂ ಅರ್ಧ ಇಂಚು ದೊಡ್ಡದಿತ್ತು. ಹಳೇದು ಸವೆದಿದೆ, ಹೊಸದು ಮಾಡಿದೀನಿ ಎಂದು ಅದನ್ನು ಕೊಟ್ಟವಳು ತಂಗಿ.

ಮೂರು ಗಂಟೆಯಾಯಿತು. ಏನೂ ಆಗದವಳ ಹಾಗೆ ಒಳಗೆ ಹೋಗಿ ಪರದೆ ಎಳೆದು ಕೂತೆ. ಸದ್ದು ಬಂತು. ಅವತ್ತು ಅದರ ಬೆನ್ನು ಹತ್ತಿದೆ.

ತಂಗಿ ನನ್ನ ಮೇಜಿನ ಮುಂದೆ ನಿಂತಿದ್ದಳು. ಬೆಳಿಗ್ಗೆ ನಾನು ಕತ್ತರಿಸಿದ ತುಂಡುಗಳ ಅಂಚನ್ನು ಅಳತೆಗೋಲಿಟ್ಟು ಸವರಿ ನೆಟ್ಟಗೆ ಮಾಡುತ್ತಿದ್ದಳು. ಅಂಚಿನಿಂದ ಉದ್ದುದ್ದ ಪಟ್ಟಿಗಳು ಚೀಲಕ್ಕೆ ಬೀಳುತ್ತಿದ್ದವು. ಒಂದನ್ನು ಎತ್ತಿಕೊಂಡೆ. ಒಂದು ಬದಿ ನೇರ. ಇನ್ನೊಂದು ಬದಿ, ನನ್ನ ಬದಿ, ಇಲಿ ಕಚ್ಚಿದ ಹಾಗೆ. ನಡುವೆ ನೀಲಿ ಗೀಟು, ಚುಕ್ಕೆ.

"ಎಷ್ಟು ದಿನದಿಂದ ಕಣೇ?"

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಮೊದ್ಲಿಂದ್ಲೂ ಅಕ್ಕ."

"ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ಯಲ್ಲೇ."

"ನೀನು ಕತ್ತರಿ ಬಿಟ್ರೆ ಹಾಸಿಗೆ ಹಿಡೀತೀಯ ಅಂತ ಹೆದರಿಕೆ ಆಯ್ತಕ್ಕ. ಆಮೇಲೆ ನೀನು ಎಲ್ರ ಮುಂದೆ ನಿಂತು ವಾಸಿಯಾಯ್ತು ಅಂತ ಅತ್ಯಲ್ಲ, ನಂಗೆ ಬಾಯೇ ಬರ್ಲಿಲ್ಲ. ಹೇಳ್ಬಿಡ್ಲಾ ಅಂತ ಮೇಷ್ಟ್ರನ್ನ ಕೇಳ್ದೆ."

"ಮೇಷ್ಟ್ರಿಗೆ ಗೊತ್ತಾ?"

"ಮೊದ್ಲೇ ಗೊತ್ತಿತ್ತು. ಮೂರು ಗಂಟೆಗೆ ಕೂರೋಕೆ ಹೇಳಿದ್ದೇ ಅದಕ್ಕೆ ಅಕ್ಕ. ನಂಗೆ ಪುರುಸೊತ್ತು ಸಿಗ್ಲಿ ಅಂತ. ಈಗ ಹೇಳಿದ್ರೆ ನಿನ್ನ ನಂಬಿಕೆ ಮುರಿದುಹೋಗುತ್ತೆ ಅಂದ್ರು."

ತಂಗಿಯ ಮೇಲೆ ಬಂದ ಕೋಪಕ್ಕಾದರೂ ಒಂದು ತಳವಿತ್ತು. ಮೇಷ್ಟ್ರ ಮಾತು ಕೇಳಿ ಕಾಲ ಕೆಳಗಿನ ನೆಲವೇ ಕುಸಿಯಿತು. ಅನುಮಾನ ಬರುತ್ತಿದೆ ಎಂದು ಆ ಮನುಷ್ಯನ ಮುಂದೆ ಬಾಯಿಬಿಟ್ಟಿದ್ದೆ. ಗೊತ್ತಿದ್ದೂ ಗೊತ್ತಿದ್ದೂ, ನಾನು ಕಂಡ ಒಂದೇ ಒಂದು ಸತ್ಯವನ್ನು ಕೆಟ್ಟ ಚಾಳಿ ಎಂದು ನನ್ನ ಕೈಯಿಂದಲೇ ಆಚೆಗೆ ಹಾಕಿಸಿದ.

"ಈ ಪಟ್ಟಿಗಳನ್ನೆಲ್ಲ ಏನು ಮಾಡ್ದೆ?" ಎಂದು ಕೇಳಿದೆ. ತಂಗಿ ತಲೆ ತಗ್ಗಿಸಿದಳು. ನೆಲ ನೋಡುತ್ತಲೇ ಹೇಳಿದಳು.

ಭಾನುವಾರ ಹೊಸಬರು ಏಳು ಜನ ಬಂದಿದ್ದರು. "ನಮ್ಮ ಕತ್ತರಿಯಮ್ಮ ಎರಡು ಮಾತು ಹೇಳ್ತಾರೆ" ಎಂದು ಮೇಷ್ಟ್ರು ನಕ್ಕರು. ಎದ್ದು ನಿಂತೆ. ನಾನು ಕೂತಿದ್ದ ದಿಂಬನ್ನು ಎತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದ ಕತ್ತರಿ ತೆಗೆದು, ಹೊಲಿಗೆಯನ್ನು ಸೀಳಿದೆ. ಕೈ ಎಷ್ಟು ನಡುಗಿತೆಂದರೆ ಮುಂದಿನ ಸಾಲಿನ ಹೆಂಗಸು ಹಿಂದೆ ಸರಿದಳು. ದಿಂಬನ್ನು ತಲೆಕೆಳಗು ಮಾಡಿ ಕೊಡವಿದೆ. ಬೂದು, ಕಪ್ಪು, ಹಸಿರು ಪಟ್ಟಿಗಳು ಕಂತೆಕಂತೆಯಾಗಿ ನೆಲಕ್ಕೆ ಬಿದ್ದವು. ಎಲ್ಲದರ ಮೇಲೂ ನನ್ನ ಗೀಟು, ನನ್ನ ಚುಕ್ಕೆ.

"ಇದು ನನ್ನ ಸಾಧನೆ" ಎಂದೆ. "ಕೈ ವಾಸಿಯಾಗಿಲ್ಲ. ನನ್ನ ತಂಗಿ ಸವರಿ ಸರಿಮಾಡ್ತಿದ್ಲು. ಮೇಷ್ಟ್ರಿಗೆ ಎರಡು ವರ್ಷದಿಂದ ಗೊತ್ತು. ಗೊತ್ತಿದ್ದೂ ನನ್ನನ್ನ ನಿಮ್ಮ ಮುಂದೆ ನಿಲ್ಲಿಸ್ತಿದ್ರು. ಒಳಗೇನಿದೆ ನೋಡಿ ಅಂತ ಇದರ ಮೇಲೇ ನನ್ನನ್ನ ಕೂರಿಸಿದ್ರು."

ಹೊಸಬನೊಬ್ಬ ಬಗ್ಗಿ ಒಂದು ಪಟ್ಟಿಯನ್ನು ಎತ್ತಿ ನೋಡಿದ. ಮೇಷ್ಟ್ರ ಮುಖ ಬಿಳಿಚಿತ್ತು.

"ಅಮ್ಮ, ನಿಮಗೆ ನೆಮ್ಮದಿ ಸಿಕ್ಕಿತ್ತಲ್ವಾ?" ಎಂದರು.

"ಸಿಕ್ಕಿತ್ತು ಮೇಷ್ಟ್ರೇ. ಅದಕ್ಕೇ ಇಷ್ಟು ಉರೀತಿರೋದು."

"ಈಗ ಬರ್ತಿರೋ ಕೋಪಾನ ಸುಮ್ನೆ ನೋಡಿ..."

"ನೋಡ್ತಾನೇ ಇದೀನಿ. ಇಲ್ಲಿಗೆ ಬಂದ ಮೇಲೆ ಮೊದಲನೇ ಸಲ ನೆಟ್ಟಗೆ ನೋಡ್ತಿದೀನಿ."

ಮೆಟ್ಟಿಲಿಳಿದು ಬಂದೆ. ಹಿಂದೆ ಯಾರೂ ಬರಲಿಲ್ಲ, ತಂಗಿಯ ಚಪ್ಪಲಿಯ ಸದ್ದೊಂದೇ ಬಂತು.

ಈಗ ಅಪ್ಪನ ಹಳೆಯ ಮಾದರಿ ಮತ್ತೆ ಗೋಡೆಯ ಮೇಲಿದೆ. ತಂಗಿ ನನ್ನ ಮೇಜಿನಲ್ಲಿ ನಿಂತು ಕತ್ತರಿಸುತ್ತಾಳೆ, ನಾನು ಗಿರಾಕಿಗಳ ಅಳತೆ ತೆಗೆದು ಕೂಗಿ ಹೇಳುತ್ತೇನೆ. ಅವಳು ನನಗೆ ಒಳ್ಳೆಯದನ್ನೇ ಬಯಸಿದಳು ಎಂದು ಗೊತ್ತು. ಗೊತ್ತಿದ್ದರೂ ಹೊಟ್ಟೆಗೆ ಹಾಕಿಕೊಳ್ಳಲು ಆಗುತ್ತಿಲ್ಲ. ಮೂರು ಗಂಟೆಗೆ ಕೂರುವ ಅಭ್ಯಾಸವನ್ನೂ ಬಿಡಲಾಗಲಿಲ್ಲ. ಬರೀ ನೆಲದ ಮೇಲೆ ಕೂರುತ್ತೇನೆ. ಕಣ್ಣು ಮುಚ್ಚುತ್ತೇನೆ. ಪರದೆಯ ಆಚೆ ಕತ್ತರಿ ನಡೆಯುತ್ತದೆ.

"ಏನು ಕತ್ತರಿಸ್ತಿದೀಯೇ?" ಎಂದು ಕೂಗುತ್ತೇನೆ.

"ಬೂದು ಕೋಟಿನ ಬಲತೋಳು, ಅಕ್ಕ."

ಎದ್ದು ಹೋಗಿ ನೋಡುತ್ತೇನೆ. ಹೌದು, ಬೂದು ಕೋಟಿನ ಬಲತೋಳೇ. ವಾಪಸ್ ಬಂದು ಕೂತು ಕಣ್ಣು ಮುಚ್ಚುತ್ತೇನೆ. ಮತ್ತೆ ಕತ್ತರಿಯ ಸದ್ದು ಬರುತ್ತದೆ. ಮತ್ತೆ ಎದ್ದು ಹೋಗಿ ನೋಡುತ್ತೇನೆ.