ವಾಕರಿಗೆ ಕಟ್ಟಿದ ಗೆಜ್ಜೆ

ಅಂಟವಾಳಕಾಯಿ ಕುದಿಯುವ ವಾಸನೆ ಬಂದರೆ ನನಗೆ ತವರುಮನೆ ನೆನಪಾಗುತ್ತದೆ. ಹುಪರಿಯ ನಮ್ಮ ಓಣಿಯಲ್ಲಿ ಬೆಳ್ಳಿ ಕೆಲಸವಿಲ್ಲದ ಮನೆಯೇ ಇರಲಿಲ್ಲ. ಅಪ್ಪ ಮಾಡಿ ಮುಗಿಸಿದ ಕಾಲ್ಗೆಜ್ಜೆಗಳನ್ನು ಅವ್ವ ಅಂಗಳದಲ್ಲಿ ಅಂಟವಾಳದ ಬಿಸಿ ನೀರಿಗೆ ಹಾಕಿ ಬ್ರಷ್ಷಿನಿಂದ ಉಜ್ಜಿ ಹೊಳಪಿಸುತ್ತಿದ್ದಳು. ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಸ್ವಲ್ಪ ಹಳೆಯ ಬೆಲ್ಲದಂಥ ವಾಸನೆ ಅದು. ಶಾಲೆ ಬಿಟ್ಟು ಬರುವಾಗ ಓಣಿಯ ತಿರುವಿನಲ್ಲೇ ಮೂಗಿಗೆ ಬಡಿದರೆ ಹೊಟ್ಟೆ ಹಸಿಯುತ್ತಿತ್ತು.

ಈ ಸಲ ಅದೇ ವಾಸನೆಯಲ್ಲಿ ಮಲಗಿ ನಾನು ಹಲ್ಲು ಕಡಿಯುತ್ತಿದ್ದೆ.

ಕೊಲ್ಹಾಪುರದ ಆಸ್ಪತ್ರೆಯಲ್ಲಿ ನನ್ನ ಬಲಗಡೆಯ ಸೊಂಟದ ಕೀಲು ಬದಲಾಯಿಸಿದರು. ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ನಾನಿರುವುದು ಗಡಹಿಂಗ್ಲಜದಲ್ಲಿ, ಅಭಯಕುಮಾರ ಅವರ ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿನ ಎರಡು ಖೋಲಿಗಳಲ್ಲಿ. ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿ ಸೇರಿದಾಗ ಬಾಡಿಗೆಗೆ ಹಿಡಿದದ್ದು, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಪೇಟೆಯ ರಸ್ತೆಗೆ ತೆರೆಯುವ ಕಿಟಕಿ, ಗೋಡೆ ತುಂಬ ಪುಸ್ತಕ, ಕಿಟಕಿಯ ಹೊರಗೊಂದು ತುಳಸಿ ಕುಂಡ. ಮದುವೆ ಬೇಡವೆಂದವಳಿಗೆ ಸಂಸಾರವೆಂದರೆ ಅದೇ. ಅಲ್ಲಿಗೆ ಹೋಗಲು ಕಡಿದಾದ ಮೆಟ್ಟಿಲು ಹತ್ತಬೇಕು. ಹತ್ತುವಷ್ಟು ಕಾಲು ಗಟ್ಟಿಯಾಗುವವರೆಗೆ ತಮ್ಮನ ಮನೆಯಲ್ಲಿರುವುದು, ಆಮೇಲೆ ವಾಪಸು. ಮಾತು ಅಷ್ಟೇ ಆಗಿತ್ತು.

ತಮ್ಮ ತಮ್ಮಣ್ಣ ಅಪ್ಪನ ಕೆಲಸವನ್ನೇ ಮುಂದುವರಿಸಿದವನು. ನಾನು ಬರುವ ಮೊದಲೇ ಅವನ ಹೆಂಡತಿ ಶಿವವ್ವ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದ್ದಳು. ತಗ್ಗಿನಲ್ಲಿ ಕೂರಬಾರದೆಂದು ಯಾರಿಂದ ಕೇಳಿ ತಿಳಿದುಕೊಂಡಿದ್ದಳೋ! ಜನ್ಮವಿಡೀ ನೆಲದ ಮೇಲೆ ಕುಳಿತು ಉಂಡ ತಮ್ಮಣ್ಣ, ನಾನೊಬ್ಬಳೇ ಕುರ್ಚಿಯಲ್ಲಿ ಉಣ್ಣಬಾರದೆಂದು ತಾನೂ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರತೊಡಗಿದ. ಇಂಥವರ ಮೇಲೆ ಸಿಟ್ಟು ಬಂದರೆ ಅದನ್ನು ಇಡುವುದಾದರೂ ಎಲ್ಲಿ?

ಒಂದು ಬೆಳಿಗ್ಗೆ ಎದ್ದು ನೋಡಿದರೆ, ನಾನು ಹಿಡಿದು ನಡೆಯುತ್ತಿದ್ದ ವಾಕರಿನ ಕಾಲಿನ ಕೆಳತುದಿಗೆ ಬೆಳ್ಳಿಯ ಗೆಜ್ಜೆ. ಕೂಸುಗಳ ಕಾಲಿಗೆ ಹಾಕುವಂಥವು. ಸಣ್ಣ ಗೊಂಚಲು ಮಾಡಿ ತಂತಿಯಿಂದ ಬಿಗಿದಿದ್ದ.

"ಖುದ್ದ ಕುಂತು ಮಾಡೇನಿ ಅಕ್ಕಾ," ಎಂದ ತಮ್ಮಣ್ಣ. "ನೀ ಎದ್ದಿ ಅಂದ್ರ ನಮಗ ಕೇಳಸ್ತೈತಿ. ಓಡಿ ಬರ್ತೇವಿ."

"ಗೆಜ್ಜಿ ಕೂಸಿಗೆ ಕಟ್ಟತಾರೋ ತಮ್ಮಾ."

"ಮತ್ತ? ನೀನೂ ಈಗ ನಡಿಯೂದು ಕಲಿಯಾಕತ್ತಿ ಇಲ್ಲೋ!"

ಅವತ್ತು ನಾನೂ ನಕ್ಕೆ. ಆ ನಗು ಎಷ್ಟು ದುಬಾರಿಯಾದೀತೆಂದು ತಿಳಿಯಲಿಲ್ಲ.

ಅಲ್ಲಿಂದ ಶುರುವಾಯಿತು. ಎದ್ದು ವಾಕರ್ ಸರಿಸಿದರೆ ಝಲ್ ಎನ್ನುವುದು. ಅಡುಗೆಮನೆಯಿಂದ ಶಿವವ್ವ ಹಿಟ್ಟಿನ ಕೈಯಲ್ಲೇ ಓಡಿಬರುವಳು. "ಎಲ್ಲಿ ಹೊಂಟ್ರಿ ಅಕ್ಕಾರ? ನೀರ? ನಾ ಕೊಡ್ತೇನಿ, ನೀವು ಕುಂದರ್ರಿ." ಅಂಗಳದಾಚೆಯ ಕಾರಖಾನೆಯಿಂದ ತಮ್ಮಣ್ಣ ಬೆಸುಗೆಯ ಊದುಗೊಳವೆ ಹಿಡಿದೇ ಬರುವನು. ಒಬ್ಬರು ಒಂದು ಕಂಕುಳಿಗೆ, ಇನ್ನೊಬ್ಬರು ಇನ್ನೊಂದಕ್ಕೆ. ಮತ್ತೆ ಮಂಚ. ಆಮೇಲೆ ಕಾಲಿನ ಮೇಲೊಂದು ಚಾದರ.

ಗೆಜ್ಜೆ ಬಿಚ್ಚೋಣವೆಂದರೆ ನಾನು ಬಗ್ಗುವಂತಿಲ್ಲ. ಕೈ ಮೊಣಕಾಲಿಗಿಂತ ಕೆಳಗೆ ಹೋಗಬಾರದೆಂದು ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಹೇಳಿ ಕಳಿಸಿದ್ದರು. ಶಿವವ್ವನಿಗೆ ಹೇಳಿದೆ. "ನಿಮ್ಮ ತಮ್ಮಗ ಹೇಳ್ರಿ" ಎಂದಳು. ತಮ್ಮನಿಗೆ ಹೇಳಿದೆ. "ಇರ್ಲಿ ಬಿಡಕ್ಕ, ಚಂದ ಕಾಣಸ್ತೈತಿ" ಎಂದ. ನನ್ನ ಕಣ್ಣೆದುರಿಗೇ, ಕೈಗೆ ನಿಲುಕದಂತೆ ಅದು ಹೊಳೆಯುತ್ತ ಕೂತಿತ್ತು. ಕೊನೆಗೆ, ಪಾಪ, ಅವರ ಕೆಲಸ ಕೆಡುತ್ತದೆಂದು ನಾನೇ ಏಳುವುದನ್ನು ಕಡಿಮೆ ಮಾಡಿದೆ. ಬಾಯಾರಿದರೂ ಸುಮ್ಮನಿರುತ್ತಿದ್ದೆ. ಇದು ಸಿಟ್ಟು ಬರುವ ಮಾತಲ್ಲದೆ ಮತ್ತೇನು?

ಫಿಜಿಯೊಥೆರಪಿ ಮಾಡಿಸಲು ಇಚಲಕರಂಜಿಯಿಂದ ರುತುಜಾ ಎಂಬ ಹುಡುಗಿ ಸ್ಕೂಟಿಯ ಮೇಲೆ ವಾರಕ್ಕೊಮ್ಮೆ ಬರುತ್ತಾಳೆ. ಆ ವಾರ ಬಂದವಳು ಗೋಡೆ ಹಿಡಿಸಿ ನಿಲ್ಲಿಸಿ, ಕಾಲನ್ನು ಪಕ್ಕಕ್ಕೆ ಎತ್ತಲು ಹೇಳಿದಳು. ಎತ್ತಿದೆ. ನಡುಗಿತು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಸಿದಳು. ಪ್ರತಿ ಹೆಜ್ಜೆಗೂ ಮೈ ಒಂದು ಕಡೆಗೆ ವಾಲುತ್ತಿತ್ತು, ಗೆಜ್ಜೆ ಝಲ್ಲೆನ್ನುತ್ತಿತ್ತು.

"ಹೇ ಕಾಯ್, ಆಜಿ? ವಾಕರಿಗೆ ಪೈಂಜಣ?" ಎಂದು ಗೆಜ್ಜೆಯತ್ತ ಬೆರಳು ತೋರಿಸಿ ಜೋರಾಗಿ ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಹುಡುಗಿ ಜಾಣೆ.

"ಕೀಲು ಭಾಳ ಛಲೋ ಕುಂತೈತಿ. ಆದ್ರ ಕಾಲಾಗಿನ ಶಕ್ತಿ ಹ್ವಾದ ವಾರಕಿಂತ ಕಡಿಮಿ ಆಗೈತಿ. ದಿನಾ ನಡೀತೀರಿಲ್ಲೋ?"

ಬಾಗಿಲಲ್ಲಿ ನಿಂತಿದ್ದ ತಮ್ಮಣ್ಣನೇ ಉತ್ತರ ಕೊಟ್ಟ. "ಅವಸರ ಯಾತಕ್ಕರಿ? ಅಕಿಗೇನು ಹೊಲಾ ಹರಗಾಕ ಹೋಗೂದೈತೇನು?"

ರುತುಜಾ ಚೀಲದಿಂದ ಒಂದು ಕೋಲು ತೆಗೆದು, ನನ್ನ ಮಣಿಕಟ್ಟಿಗೆ ಹಿಡಿದು ನೋಡಿ ಉದ್ದ ಸರಿಮಾಡಿದಳು. "ಇವತ್ತಿಂದ ವಾಕರ್ ಬಂದ್. ಕೋಲು ಎಡಗೈಯಾಗ."

"ಆಪರೇಶನ್ ಆಗಿದ್ದು ಬಲಕ್ಕಲ್ಲ?" ಎಂದ ತಮ್ಮಣ್ಣ.

"ಅದಕ್ಕ ಎಡಕ್ಕ, ಕಾಕಾ. ಭಾರ ಹಂಚಿ ಹೋಗ್ತೈತಿ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಆಜಿ, ನಡೀಲಿಲ್ಲಂದ್ರ ಈ ವಾಲೂದು ಹಿಂಗ ಉಳೀತೈತಿ. ಮುಂದಿನ ಸಲ ಮೆಟ್ಟಿಲಾ ಹತ್ತಸ್ತೇನಿ. ಆಗಲಿಲ್ಲಂದ್ರ ಗಡಹಿಂಗ್ಲಜದ ಮಾತು ಬಿಟ್ಟಬಿಡ್ರಿ."

ಆ ಸಂಜೆ ಅಭಯಕುಮಾರ ಅವರ ಫೋನ್ ಬಂತು.

"ಬಾಯಾರ, ಪುಸ್ತಕಾ ಎಲ್ಲಾ ಪೆಟ್ಟಿಗ್ಯಾಗ ತುಂಬಸ್ಲೋ, ಇಲ್ಲಾ ನೀವ ಯಾರನ್ನರ ಕಳಸ್ತೀರೋ?"

"ಯಾಕ್ರಿ?"

"ತಮ್ಮಣ್ಣ ಅವ್ರು ಬಂದಿದ್ರಲ್ರಿ. ಅಕ್ಕ ಇನ್ನ ಹುಪರಿಯಾಗ ಇರ್ತಾಳ, ಖೋಲಿ ಬಿಡ್ತೇವಿ ಅಂದ್ರು. ನಾ ಹೂಂ ಅಂದೆ. ಆದ್ರ ನಿಮ್ಮ ಬಾಯಿಲೆ ಒಮ್ಮಿ ಕೇಳೂನು ಅನಿಸ್ತು."

"ಬಿಡೂದಿಲ್ರಿ. ಕಿಟಕಿ ಒಂದೀಟ ತಗದು ಹಾಕ್ರಿ, ಗಾಳಿ ಆಡ್ಲಿ."

"ದಿನಾ ತಗೀತೇನ್ರಿ. ತುಳಸಿಗೂ ನೀರ ಹಾಕಾಕತ್ತೇನಿ," ಎಂದರು ಆ ಪುಣ್ಯಾತ್ಮ.

ಆ ರಾತ್ರಿ ನಾನು ತಮ್ಮನನ್ನು ಏನೂ ಕೇಳಲಿಲ್ಲ. ಕೇಳಿದರೆ ಬಾಯಿಂದ ಏನು ಹೊರಡುತ್ತದೋ ಎಂಬ ಭಯ. ಬೆಳಿಗ್ಗೆ ಕೋಲು ಹಿಡಿದು ನಡೆದು, ಅವನ ಎದುರಿಗೆ ನಿಂತೇ ಕೇಳಬೇಕೆಂದುಕೊಂಡು ಮಲಗಿದೆ.

ಬೆಳಿಗ್ಗೆ ಕೋಲಿನ ಹಿಡಿಕೆಯ ಕೆಳಗೆ ಗೆಜ್ಜೆ ಇತ್ತು.

ವಾಕರಿನದಕ್ಕಿಂತ ನಾಜೂಕಾಗಿತ್ತು. ಒಂದೊಂದು ಗೆಜ್ಜೆಗೂ ಹೂವಿನ ಎಸಳಿನಂಥ ಕೆತ್ತನೆ. ಎಷ್ಟು ಹೊತ್ತು ಕುಳಿತು ಮಾಡಿದ್ದನೋ. ಅದನ್ನು ನೋಡಿದ ಕೂಡಲೇ ಕಿವಿ ಬಿಸಿಯಾಯಿತು. ಆದರೆ ಈ ಸಲ ಅವನೊಂದು ತಪ್ಪು ಮಾಡಿದ್ದ. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರೆ ಗೆಜ್ಜೆ ನನ್ನ ಕೈಗೆ ಸಿಗುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಶಿವವ್ವನ ಎಲೆಅಡಿಕೆಯ ತಟ್ಟೆಯಿತ್ತು. ಅಡಕತ್ತರಿ ತೆಗೆದುಕೊಂಡು ತಂತಿ ಕತ್ತರಿಸಿದೆ. ತಮ್ಮಣ್ಣ ಚಹಾದ ಬಟ್ಟಲು ಹಿಡಿದು ಒಳಗೆ ಬಂದದ್ದು ಆಗಲೇ. ಅವನ ಕಾಲಿನ ಮುಂದೆ ಗೆಜ್ಜೆಗಳನ್ನೆಲ್ಲ ಎಸೆದೆ.

ಬೆಳ್ಳಿ ಎಸೆಯುವ ಮನೆತನವಲ್ಲ ನಮ್ಮದು. ಕಾರಖಾನೆಯಿಂದ ಹೊರಗೆ ಬರುವಾಗ ಹೊಸ್ತಿಲ ಗೋಣಿಚೀಲಕ್ಕೆ ಪಾದ ಒರೆಸಿಯೇ ಬರಬೇಕು. ಅಂಗಾಲಿಗೆ ಅಂಟಿದ ಬೆಳ್ಳಿಪುಡಿಯೂ ಮನೆ ಬಿಟ್ಟು ಹೋಗಬಾರದು. ಕಸ ಗುಡಿಸಿದ್ದನ್ನೂ ಕೂಡಿಟ್ಟು ಕರಗಿಸುವವರು ನಾವು. ಗೆಜ್ಜೆಗಳು ಉರುಳಿ ಮಂಚದ ಕೆಳಗೆ, ಬಾಗಿಲ ಮೂಲೆಗೆ ಹೋದವು. ಶಿವವ್ವ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿ ನಿಂತಳು.

"ನಾ ಏನು ಎಮ್ಮಿ ಕರಾನೋ? ಕೊರಳಾಗೂ ಒಂದು ಕಟ್ಟಬಿಡು!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನನ್ನ ಖೋಲಿ ಬಿಡಾಕ ನೀ ಯಾರು?"

"ಅಕ್ಕಾ, ಬೆಳ್ಳಿ ಒಗೀಬಾರದು..."

"ಬೆಳ್ಳಿ ಬಿಡು. ಖೋಲಿ ಮಾತ ಹೇಳು."

ಅವನು ಚಹಾ ಕೆಳಗಿಟ್ಟ. ಮುಖ ಕೆಂಪಾಗಿತ್ತು. "ಹೌದು, ಹೇಳಿ ಬಂದೇನಿ. ಆ ಮೆಟ್ಟಿಲ ಮ್ಯಾಲಿಂದ ಬಿದ್ದಿ ಅಂದ್ರ ಯಾರು ನೋಡಬೇಕು? ಅವ್ವ ಈ ಅಂಗಳದಾಗ ಬಿದ್ಲು. ಸೊಂಟ ಮುರೀತು, ಎದ್ದ ಕೂಡಲಿಲ್ಲ. ಸಾಯೂತನಕ ಎತ್ತಿ ಹೊರಳಿಸಿದಾಂವ ನಾ. ನೀ ಗಡಹಿಂಗ್ಲಜದಾಗ ಪಾಠಾ ಹೇಳಾಕತ್ತಿದ್ದಿ."

ಆ ಮಾತು ಚುಚ್ಚಿತು. ಚುಚ್ಚಲೆಂದೇ ಆಡಿದ್ದ. ನಾನೂ ಬಿಡಲಿಲ್ಲ. "ಅವ್ವಗ ಯಾರೂ ಆಪರೇಶನ್ ಮಾಡಸಲಿಲ್ಲ, ಯಾರೂ ನಡಿ ಅನಲಿಲ್ಲ. ಮಲಗಿಸಿದ್ರಿ, ಚಾದರ ಹೊಚ್ಚಿದ್ರಿ. ನನಗೂ ಅದನ್ನ ಮಾಡಾಕತ್ತೀರಿ. ನೋಡಕೋ, ನಿನ್ನ ಕೈಯಾಗ ಬೆಳ್ಳಿ ಚಾದರ ಐತಿ, ಅಷ್ಟ ಫರಕ."

ತಮ್ಮಣ್ಣ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಮಂಚದ ಕೆಳಗೆ ಕೈ ಹಾಕಿ, ಗೆಜ್ಜೆಗಳನ್ನು ಒಂದೊಂದಾಗಿ ಆರಿಸಿಕೊಂಡ. ಹಾಗೆ ಕೂರುವುದು ನನಗೆ ಇನ್ನು ಈ ಜನ್ಮದಲ್ಲಿ ಇಲ್ಲ. ಎದ್ದು ಕಾರಖಾನೆಗೆ ಹೋದ.

ಮಧ್ಯಾಹ್ನವಾಯಿತು. ಶಿವವ್ವ ಊಟಕ್ಕೆ ಕೂಗಿದಳು. ಅಂಗಳದಾಚೆಯಿಂದ ಸುತ್ತಿಗೆಯ ಸದ್ದು ನಿಂತಿತು, ಮತ್ತೆ ಶುರುವಾಯಿತು. ಇನ್ನೊಮ್ಮೆ ಕೂಗಿದಳು. ಸುತ್ತಿಗೆ ಇನ್ನೂ ಜೋರಾಯಿತು. ನಾನು ಸಿಟ್ಟಿನಲ್ಲೇ ಎದ್ದು, ಎಡಗೈಯಲ್ಲಿ ಕೋಲು ಹಿಡಿದು ಅಡುಗೆಮನೆಯ ಬಾಗಿಲವರೆಗೆ ಬಂದಿದ್ದೆ. ಯಾರೂ ಓಡಿಬರಲಿಲ್ಲ, ಯಾಕೆಂದರೆ ಏನೂ ಝಲ್ಲೆನ್ನಲಿಲ್ಲ.

ಶಿವವ್ವ ನನ್ನನ್ನು ನೋಡಿದಳು. ಎರಡು ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಮೇಲೆ ಝುಣಕ ಬಡಿಸಿ, ಒಂದು ಹಸಿ ಉಳ್ಳಾಗಡ್ಡಿ ಇಟ್ಟಳು. ಅಪ್ಪನಿಗೆ ಅವ್ವ ಕೊಡುತ್ತಿದ್ದದ್ದೂ ಹೀಗೇ, ತಾಟಿಲ್ಲದೆ.

"ಅಕ್ಕಾರ, ನನ್ನ ಕೈ ಹಿಟ್ಟಾಗೈತಿ. ಇದನ್ನೊಂದೀಟ ಅವರಿಗೆ ಮುಟ್ಟಸ್ತೀರೇನು?"

ಹಿಟ್ಟು ನಾದುವ ಪರಾತ ಆಗಲೇ ತೊಳೆದು ಬೋರಲು ಹಾಕಿತ್ತು. ಅವಳ ಕೈಗಳೂ ತೊಳೆದು ಒಣಗಿದ್ದವು. ನನ್ನ ಬಲಗೈಯ ಮೇಲೆ ರೊಟ್ಟಿ ಇಟ್ಟು, ಒಲೆಯ ಕಡೆ ತಿರುಗಿ ನಿಂತಳು. ನಾನು ಹೊರಗೆ ಹೋಗುವವರೆಗೂ ಈ ಕಡೆ ನೋಡಲಿಲ್ಲ.

ಅರ್ಧ ಅಂಗಳವನ್ನು ಸಿಟ್ಟೇ ದಾಟಿಸಿತು. ಮಧ್ಯದಲ್ಲಿ, ಅವ್ವ ಬಿದ್ದಿದ್ದ ಕಲ್ಲುಹಾಸಿನ ಹತ್ತಿರ, ಸಿಟ್ಟು ಎಲ್ಲೋ ಕೈಬಿಟ್ಟು ಹೋಯಿತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ರೊಟ್ಟಿ. ಹಿಡಿಯಲು ಗೋಡೆಯಿಲ್ಲ, ಹಿಡಿಯಲು ಕೈಯೂ ಇಲ್ಲ. ಕಾಲು ನೆಲಕ್ಕೆ ಅಂಟಿಕೊಂಡಿತು. ಕೂಗಿದರೆ ಇಬ್ಬರೂ ಬಂದಾರು. ಕೂಗಿದರೆ ಮತ್ತೆ ಮಂಚ. ಅಷ್ಟರಲ್ಲಿ ತವೆಯಿಂದ ಆಗತಾನೇ ಇಳಿದ ರೊಟ್ಟಿ ಅಂಗೈ ಸುಡತೊಡಗಿತು. ನಿಂತಷ್ಟೂ ಸುಡುತ್ತಿತ್ತು. ಅಯ್ಯೋ ಎನ್ನುತ್ತ ಕೋಲು ಮುಂದಿಟ್ಟೆ, ಬಲಗಾಲು ಇಟ್ಟೆ, ಮೈ ವಾಲದಂತೆ ಸೊಂಟ ಬಿಗಿಹಿಡಿದು ಎಡಗಾಲು ತಂದೆ. ಮತ್ತೊಮ್ಮೆ. ಮತ್ತೊಮ್ಮೆ.

ಕಾರಖಾನೆಯ ನೆಲ ಅಂಗಳಕ್ಕಿಂತ ಒಂದು ಮೆಟ್ಟಿಲು ತಗ್ಗು. ಇಳಿಯುವಾಗ ಮೊದಲು ಕೋಲು, ಆಮೇಲೆ ಆಪರೇಶನ್ ಆದ ಕಾಲು, ಕೊನೆಗೆ ಗಟ್ಟಿ ಕಾಲು ಎಂದು ರುತುಜಾ ಹೇಳಿದ್ದಳು. ಹಾಗೇ ಇಳಿದೆ.

ತಮ್ಮಣ್ಣ ಮಣೆಯ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ನಾನು ಎಸೆದ ಗೆಜ್ಜೆಗಳಲ್ಲಿ ಒಂದು ನೆಗ್ಗಿತ್ತು. ಅದನ್ನು ಸರಿಮಾಡುತ್ತಿದ್ದ. ನಾನು ಬಂದದ್ದು ಅವನಿಗೆ ಕೇಳಿಸಲಿಲ್ಲ. ಕೆಲಸದ ಮೇಲೆ ನೆರಳು ಬಿದ್ದಾಗ ತಿರುಗಿದ. ನನ್ನ ಕಾಲು ನೋಡಿದ, ಕೋಲು ನೋಡಿದ, ನನ್ನ ಹಿಂದೆ ಶಿವವ್ವ ಇದ್ದಾಳೋ ಎಂದು ಬಾಗಿಲು ನೋಡಿದ. ಗಾಬರಿಯಿಂದ ಎದ್ದು, ನನ್ನನ್ನು ಹಿಡಿಯಲು ಎರಡೂ ಕೈ ಚಾಚಿದ.

ಆ ಕೈಗಳಲ್ಲಿ ನಾನು ರೊಟ್ಟಿ ಇಟ್ಟೆ.