ಸೀಟಿ ಮಾವನ ಸೊಟ್ಟ ಸಾಲು

ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ನನಗೆ ಎಲ್ಲಿಲ್ಲದ ಸಂಕೋಚ. ಇವತ್ತೂ ಸುಮ್ಮನಿದ್ದರೆ, ಸೀಟಿ ಮಾವ ನನಗೆ ಏನಾಗಿದ್ದ ಎಂಬುದು ಯಾರಿಗೂ ಗೊತ್ತಾಗುವುದೇ ಇಲ್ಲವಲ್ಲ ಎಂಬ ಅಳುಕು.

ನಾನು ಹುಟ್ಟುವುದಕ್ಕೂ ಮೊದಲಿನಿಂದ ನಮ್ಮ ಹೊಲದಲ್ಲಿ ದುಡಿದ ಆಳು ಅವನು. ಸೀಟಿ ಹೊಡೆಯುತ್ತಲೇ ಉಳುತ್ತಿದ್ದ. ಹೋದ ತಿಂಗಳು ತೀರಿಕೊಂಡ. ಅವನನ್ನು ನೆನೆಯಲೆಂದು ಮನೆಯವರೆಲ್ಲ ಹಜಾರದಲ್ಲಿ ಸೇರಿದ್ದೆವು. ಅಳುವಿಗಿಂತ ನಗುವೇ ಜಾಸ್ತಿಯಾಗಿತ್ತು.

"ಎತ್ತಿಗೆ 'ಬನ್ನಿ ರಾಯರೇ' ಅಂತಿದ್ದ, ನಂಗೆ ಮಾತ್ರ 'ಏಯ್ ಹುಡುಗಿ'!" ಎಂದು ಅತ್ತೆ ದೂರಿದರು.

"ದಾರ ಹಿಡಿದಂಗೆ ನೇರ ಉಳೋನು, ರಸ್ತೆ ಪಕ್ಕ ಬಂದ್ರೆ ಮಾತ್ರ ಸಾಲು ಸೊಟ್ಟ!" ಎಂದರು ಅಪ್ಪ. "ಎಷ್ಟು ಬೈದ್ರೂ ಹಲ್ಲು ಕಿರೀತಿದ್ದ. ಅಲ್ಲಿ ಅವನಿಗೆ ಯಾವ ದೆವ್ವ ಮೆಟ್ಕೋತಿತ್ತೋ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆದರೂ ಎದ್ದು ನಿಂತೆ.

"ದೆವ್ವ ಅಲ್ಲ ಅಪ್ಪ, ನಾನು," ಎಂದೆ. "ನಾನು ಸ್ಕೂಲಿಗೆ ಹೋಗೋದು ಕಂಡ್ರೆ ಸಾಕು, ನೇಗಿಲು ಬಿಟ್ಟು ಎರಡೂ ಕೈ ಬೀಸ್ತಿದ್ದ."